ಕೌಂಟು ಜಾಸ್ತಿ ಬಂದರೆ ಖುಷಿಪಡಬೇಡಿ

ದಾವಣಗೆರೆಯಲ್ಲಿ ಲ್ಯಾಬ್ ಕೆಲಸ ಮಾಡುವವರಿಗೆ ಸುಟ್ಟಗಾಯದವರ ರಕ್ತ ಹೊಸದಲ್ಲ. ಮಂಡಕ್ಕಿ ಭಟ್ಟಿ, ಹೋಟೆಲ್ ಒಲೆ, ಮನೆಯ ಸಿಲಿಂಡರ್, ಎಲ್ಲಿಂದಲಾದರೂ ಬರುತ್ತೆ. ಮೊನ್ನೆ ಒಬ್ಬ ಹುಡುಗ ಅಣ್ಣನ ರಿಪೋರ್ಟ್ ಹಿಡಿದು ಕಿಟಕಿ ಹತ್ತಿರ ಬಂದ. "ಅಕ್ಕಾ, ಬಿಳಿ ರಕ್ತಕಣ 22,000 ಇದೆ. ರೋಗದ ಜೊತೆ ಹೊಡೆದಾಡೋ ಕಣಗಳು ತಾನೆ? ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ?"

ಅಲ್ಲಪ್ಪಾ. ದೊಡ್ಡವರಲ್ಲಿ ಒಂದು ಮೈಕ್ರೋಲೀಟರ್ ರಕ್ತಕ್ಕೆ ಇರಬೇಕಾದ್ದು 4,000ದಿಂದ 11,000.

ಅಂಥ ರಕ್ತವನ್ನು ಗಾಜಿನ ಸ್ಲೈಡಿಗೆ ಸವರಿ, ಲೀಶ್ಮನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಥೆ ಬೇರೆಯೇ. ಬಿಳಿ ಕಣಗಳಲ್ಲಿ ಸೋಂಕಿನ ಕಡೆ ಮೊದಲು ಓಡುವುದು ನ್ಯೂಟ್ರೋಫಿಲ್. ಬಲಿತ ನ್ಯೂಟ್ರೋಫಿಲ್‌ನ ನ್ಯೂಕ್ಲಿಯಸ್ ಮೂರ್ನಾಲ್ಕು ತುಂಡಾಗಿರುತ್ತೆ. ಇಲ್ಲಿ ಲಾಳದ ಹಾಗೆ ಬಗ್ಗಿದ ಎಳೆ ಕಣಗಳೇ ಜಾಸ್ತಿ. ಒಳಗೆ ದಪ್ಪ ಕಪ್ಪು ಕಾಳು, ಅಲ್ಲಲ್ಲಿ ತೂತು. ದೇಹ ಗಾಬರಿಬಿದ್ದಿದೆ, ಅಸ್ಥಿಮಜ್ಜೆ ಇನ್ನೂ ಬಲಿಯದ ಕಣಗಳನ್ನೂ ಹೊರಗೆ ತಳ್ಳುತ್ತಿದೆ ಅಂತ ಅರ್ಥ.

ಮೈಯ ಸುಮಾರು 20% ಮೀರಿ ಸುಟ್ಟರೆ ತೊಂದರೆ ಗಾಯದಲ್ಲೇ ನಿಲ್ಲುವುದಿಲ್ಲ. ಭುಜದಿಂದ ಬೆರಳತನಕ ಒಂದು ಇಡೀ ಕೈ ಅಂದ್ರೆ 9%, ಲೆಕ್ಕ ಹಾಕಿಕೊಳ್ಳಿ. ಸತ್ತ ಜೀವಕೋಶಗಳ ಚೂರು ರಕ್ತಕ್ಕೆ ಸೇರಿ ಮೈಯೆಲ್ಲಾ ಕೂಗು ಹಾಕುತ್ತೆ. ಎಲ್ಲಾ ಕಡೆಯಿಂದ ಕರೆದರೆ ನ್ಯೂಟ್ರೋಫಿಲ್ ಎಲ್ಲಿಗೆ ಹೋಗಬೇಕು? ಕೆಲವು ಶ್ವಾಸಕೋಶದಲ್ಲಿ ಸಿಕ್ಕಿಹಾಕಿಕೊಂಡು ಅಲ್ಲೇ ಹಾನಿ ಮಾಡುತ್ತವೆ. ಗಾಯಕ್ಕೆ ತಲುಪಿದವೂ ಬ್ಯಾಕ್ಟೀರಿಯಾವನ್ನು ನುಂಗಿದರೂ ಸರಿಯಾಗಿ ಕೊಲ್ಲಲಾರವು. ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಕೂದಲಿಗಿಂತ ಸಣ್ಣ ದಾರಿಗಳ ಚಿಪ್‌ನಲ್ಲಿ ಈ ಕಣಗಳನ್ನು ಓಡಿಸಿ ನೋಡಿದ್ದಾರೆ. ದೊಡ್ಡ ಸುಟ್ಟಗಾಯದವರ ಕಣಗಳ ನಡಿಗೆ ನಿಧಾನ.

ಹೊರಗಿನದ್ದನ್ನು ಗುರುತಿಸುವ ಇನ್ನೊಂದು ಬಗೆಯ ಬಿಳಿ ಕಣ, ಲಿಂಫೋಸೈಟ್‌ಗಳೂ ಮಂಕಾಗುತ್ತವೆ. ಗಾಯ ಮುಚ್ಚಲು ಹಾಕಿದ ದಾನಿಯ ಚರ್ಮ ಇಂಥವರ ಮೈಮೇಲೆ ವಾರಗಟ್ಟಲೆ ನಿಲ್ಲುವುದಕ್ಕೆ ಅದೂ ಒಂದು ಕಾರಣ. ಬೇರೆಯವರದ್ದು ಅಂತ ಗುರುತಿಸಿ ತಳ್ಳುವ ಶಕ್ತಿ ಕುಗ್ಗಿರುತ್ತೆ. ಒಂದು ರೀತಿ ಅನುಕೂಲವೇ ಅನ್ನಿ!

ಎರಡು-ಮೂರನೇ ದಿನ ಕೌಂಟು ದಿಢೀರನೆ ಬೀಳುವುದೂ ಉಂಟು. ಸಿಲ್ವರ್ ಸಲ್ಫಾಡಯಜಿನ್ ಅನ್ನೋ ಬಿಳಿ ಮುಲಾಮು ಹಚ್ಚಿದವರಲ್ಲಿ ಇದು ಕಾಣುತ್ತೆ, ಸಾಮಾನ್ಯವಾಗಿ ತಾನೇ ಸರಿಹೋಗುತ್ತೆ. ಸೋಂಕು ನೆತ್ತರಿಗೆ ಹತ್ತಿಯೂ ಬೀಳಬಹುದು. ಹಾಗಾಗಿ ಬರೀ ಒಂದು ನಂಬರ್ ನೋಡಿ ಯಾರೂ ತೀರ್ಮಾನಕ್ಕೆ ಬರಲ್ಲ. ಜ್ವರ, ಬಿಪಿ, ಕಲ್ಚರ್ (ಬ್ಯಾಕ್ಟೀರಿಯಾ ಬೆಳೆಸಿ ನೋಡೋ ಪರೀಕ್ಷೆ) ಎಲ್ಲಾ ಸೇರಿಸಿ ನೋಡ್ತಾರೆ.

ಇನ್ನು ಬೆಣ್ಣೆ. ನಮ್ಮೂರಲ್ಲಿ ಅದಕ್ಕೆ ಬರವಿಲ್ಲ, ಹಂಗಂತ ಸುಟ್ಟಲ್ಲಿ ಹಚ್ಚಬೇಡಿ. 20 ನಿಮಿಷ ಹರಿಯೋ ತಣ್ಣೀರು ಬಿಡಿ, ಐಸ್ ಬೇಡ. ವಾರ್ಡಿನ ಬಾಗಿಲಲ್ಲಿ ಸಿಸ್ಟರ್ "ಒಬ್ಬರೇ ಬನ್ನಿ, ಕೈ ತೊಳ್ಕೊಳ್ಳಿ" ಅಂದ್ರೆ ಜಗಳಕ್ಕೆ ನಿಲ್ಲಬೇಡಿ. ನಿಮ್ಮ ಕೈಲಿರೋ ಬ್ಯಾಕ್ಟೀರಿಯಾ ನಿಮಗೇನೂ ಮಾಡಲ್ಲ, ಒಳಗೆ ಮಲಗಿರೋರಿಗೆ ಮಾಡುತ್ತೆ.