ಲೂಕಾನ್ನ ಮಾರಿದ ಐತವಾರ

2025ರ ಫೆಬ್ರುವರಿ 2, ಭಾನುವಾರ. ಹನ್ನೊಂದು ಹೊಡೆಯಲು ಇನ್ನೂ ಸ್ವಲ್ಪ ಹೊತ್ತಿತ್ತು. ನಾನು ರೊಟ್ಟಿ ಬಡಿಯುತ್ತಿದ್ದೆ. ಅಣ್ಣನ ಮಗ ಫೋನು ಹಿಡಿದುಕೊಂಡು ಸೀದಾ ಅಡುಗೆಮನೆಗೇ ನುಗ್ಗಿದ.

"ಅತ್ಯಾ, ಲೂಕಾನ್ನ ಮಾರಿಬಿಟ್ಟಾರ! ಲೇಕರ್ಸ್‌ಗೆ!"

"ಯಾರೋ ಅಕೌಂಟ್ ಹ್ಯಾಕ್ ಮಾಡಿರ್ತಾರ. ಆ ಹಿಟ್ಟಿನ ಡಬ್ಬಿ ಇತ್ತಾಗ ಸರಿಸು" ಅಂದೆ.

ಹಾಗಂದುಕೊಂಡವಳು ನಾನೊಬ್ಬಳೇ ಅಲ್ಲ. ಅಮೆರಿಕದಲ್ಲಿ ಆಗ ಸರಿರಾತ್ರಿ. ಅಲ್ಲಿಯ ಜನರೂ ಮೊದಲು ನಂಬಿರಲಿಲ್ಲ. ಬ್ಯಾಸ್ಕೆಟ್‌ಬಾಲ್ ಆಟಗಾರ ಲೂಕಾ ಡಾಂಚಿಚ್‌ಗೆ 25 ವರ್ಷ. ಹಿಂದಿನ ಸೀಸನ್‌ನಲ್ಲಿ ಪಂದ್ಯಕ್ಕೆ ಸರಾಸರಿ 33.9 ಪಾಯಿಂಟ್ ಹೊಡೆದು ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಗೇ ಮೊದಲಿಗನಾಗಿದ್ದ, ಡಲ್ಲಾಸ್ ತಂಡವನ್ನು ಫೈನಲ್‌ಗೆ ಒಯ್ದಿದ್ದ. ಅಂಥವನನ್ನು ಲಾಸ್ ಏಂಜಲಿಸ್‌ನ ಲೇಕರ್ಸ್ ತಂಡಕ್ಕೆ ಕೊಟ್ಟು 31 ವರ್ಷದ ಆಂಥೊನಿ ಡೇವಿಸ್, ಮ್ಯಾಕ್ಸ್ ಕ್ರಿಸ್ಟಿ ಎಂಬ ಹುಡುಗ ಮತ್ತು 2029ರ ಮೊದಲ ಸುತ್ತಿನ ಒಂದು ಡ್ರಾಫ್ಟ್ ಪಿಕ್ (ಹೊಸ ಹುಡುಗನೊಬ್ಬನನ್ನು ಆರಿಸಿಕೊಳ್ಳುವ ಹಕ್ಕು), ಇಷ್ಟು ತಗೊಂಡಿದ್ದರು. ರೊಟ್ಟಿ ಹಂಚಿನ ಮೇಲೆ ಸೀದುಹೋಯಿತು.

ನಾನು ಇದೇ ಕಲಬುರಗಿಯ ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದವಳು. ಈಗ ಮೊಣಕಾಲು ಕೇಳುವುದಿಲ್ಲ, ಬಾಯಿ ಮಾತ್ರ ಆಡುತ್ತದೆ. ಇಂಜಿನಿಯರಿಂಗ್ ಓದುವ ಈ ಹುಡುಗನಿಗೆ ಹುಚ್ಚು ಹಿಡಿಸಿದ್ದು ನಾನೇ, ಆದರೆ ಅವನು ಆರಿಸಿಕೊಂಡ ತಂಡ ಮಾತ್ರ ನನ್ನದಲ್ಲ. 2020ರ ಲಾಕ್‌ಡೌನ್ ಕಾಲದಲ್ಲಿ ಡಾನವನ್ ಮಿಚೆಲ್ ಡೆನ್ವರ್ ಮೇಲೆ ಒಂದೇ ಪಂದ್ಯದಲ್ಲಿ 57 ಹೊಡೆದದ್ದನ್ನು ಫೋನಿನಲ್ಲಿ ನೋಡಿ ಮಿಚೆಲ್‌ನ ತಂಡ ಯೂಟಾ ಜಾಝ್‌ಗೆ ಮನಸ್ಸು ಕೊಟ್ಟ. ಎರಡು ವರ್ಷಕ್ಕೆ ಅದೇ ಜಾಝ್ ಅದೇ ಮಿಚೆಲ್‌ನನ್ನು ಕ್ಲೀವ್‌ಲ್ಯಾಂಡಿಗೆ ಮಾರಿತು. ಇವನು ಎರಡು ದಿನ ಮುಖ ಊದಿಸಿಕೊಂಡು ತಿರುಗಿದನೇ ಹೊರತು ತಂಡ ಬಿಡಲಿಲ್ಲ. ಮಿಚೆಲ್‌ಗೆ ಬದಲಾಗಿ ಬಂದವರಲ್ಲಿ ಫಿನ್‌ಲ್ಯಾಂಡಿನ ಏಳಡಿ ಎತ್ತರದ ಲೌರಿ ಮಾರ್ಕನನ್ ಒಬ್ಬ. ಬಂದ ವರ್ಷವೇ ಸರಾಸರಿ 25.6 ಪಾಯಿಂಟ್ ಹೊಡೆದು ಲೀಗ್‌ನಲ್ಲಿ ಅತಿ ಹೆಚ್ಚು ಸುಧಾರಿಸಿದ ಆಟಗಾರನೆಂಬ ಪ್ರಶಸ್ತಿಯನ್ನೂ ತಗೊಂಡ.

ಲೂಕಾನ ವ್ಯವಹಾರದಲ್ಲಿ ನಡುವೆ ನಿಂತ ಮೂರನೇ ತಂಡ ಜಾಝ್. ಅವರಿಗೆ ಒಬ್ಬ ಆಟಗಾರ, ಎರಡನೇ ಸುತ್ತಿನ ಎರಡು ಪಿಕ್ ಸಿಕ್ಕವು. ಹುಡುಗನ ಸಂಕಟ ಅದೇ. "ಡಲ್ಲಾಸ್ ಲೂಕಾನಂಥವನ್ನ ಮಾರ್ತದ. ನಮ್ಮವರು ಹೊಸ ತಂಡ ಕಟ್ಲತ್ತೀವಿ ಅಂತ ಮೂರು ವರ್ಷದಿಂದ ಹೇಳ್ಲತ್ತಾರ, ಲೌರಿನ್ನ ಮಾತ್ರ ಹಿಡ್ಕೊಂಡು ಕುಂತಾರ. ಅವನಿಗಿ 27. ಉಳಿದ ಹುಡುಗುರಿಗಿ ಇಪ್ಪತ್ತು ಇಪ್ಪತ್ತೊಂದು. ಇವರು ಬಲಿಯೂದ್ರಾಗ ಅಂವ ಮುದುಕ ಆಗಿರ್ತಾನ."

ಎನ್‌ಬಿಎ ನೋಡದವರಿಗಾಗಿ ಒಂದು ಮಾತು. ಅಲ್ಲಿ ಟ್ರೇಡ್ ಎಂದರೆ ಆಟಗಾರನ ಕಾಂಟ್ರಾಕ್ಟನ್ನೇ ಇನ್ನೊಂದು ತಂಡಕ್ಕೆ ದಾಟಿಸುವುದು. ಹೆಚ್ಚಿನ ಸಲ ಅವನನ್ನು ಕೇಳುವುದೂ ಇಲ್ಲ. ಹಾರ್ದಿಕ್ ಪಾಂಡ್ಯ ಗುಜರಾತಿನಿಂದ ಮುಂಬೈಗೆ ಹೋದಾಗ ನಾವು ಐಪಿಎಲ್‌ನಲ್ಲಿ ಕಂಡದ್ದು ಅದರ ಸಣ್ಣ ರೂಪ. ಸೋಲುವ ತಂಡ ದೊಡ್ಡ ಆಟಗಾರನನ್ನು ಮಾರುವುದರ ಹಿಂದೆ ಇನ್ನೊಂದು ಲೆಕ್ಕವಿದೆ. ಹೊಸ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಕೆಳಗಿನ ತಂಡಗಳಿಗೆ ಮೊದಲ ಅವಕಾಶ. ಆದರೆ ಯಾರಿಗೆ ಎಷ್ಟನೆಯದು ಎಂಬುದು ಲಾಟರಿಯಲ್ಲಿ. 2019ರಲ್ಲಿ ಬಂದ ನಿಯಮದಲ್ಲಿ ಅತ್ಯಂತ ಕೆಳಗಿನ ಮೂರೂ ತಂಡಗಳಿಗೆ ಮೊದಲನೇ ಪಿಕ್‌ನ ಅವಕಾಶ ತಲಾ 14 ಪ್ರತಿಶತ. ಹೆಚ್ಚು ಸೋತರೆ ಹೆಚ್ಚು ಲಾಭ ಎಂಬ ಆಸೆಗೆ ಲೀಗ್ ಹಾಕಿದ ಕಡಿವಾಣ ಅದು. ಪೂರ್ತಿ ಬಿಗಿದಿಲ್ಲ ಅನ್ನುವುದು ಬೇರೆ ಮಾತು.

ಹಾಗೆ ನೋಡಿದರೆ ಆ ವಾರ ಮಾರ್ಕನನ್‌ನನ್ನು ಮಾರಲು ಬರುತ್ತಿರಲಿಲ್ಲ. 2024ರ ಆಗಸ್ಟ್ 7ರಂದು ಅವನು ಹೊಸ ಕರಾರಿಗೆ ಸಹಿ ಹಾಕಿದ್ದ. ಅಂಥ ಸಹಿಯ ಮೇಲೆ ಆರು ತಿಂಗಳು ಮಾರುವಂತಿಲ್ಲ. ಟ್ರೇಡ್‌ಗೆ ಕೊನೆಯ ದಿನ ಫೆಬ್ರುವರಿ 6. ಒಂದು ದಿನ ಮೊದಲೇ ಸಹಿ ಹಾಕಲು ಅವಕಾಶವಿತ್ತು, ಹಾಕಲಿಲ್ಲ. ಬೇಕೆಂದೇ ಮಾಡಿದ್ದು. ನನಗಂತೂ ಅವನ ಮೇಲೆ ಗೌರವ ಬಂದದ್ದು ಆ ಒಂದು ದಿನಕ್ಕೇ. ಯಾಕೆಂದರೆ ಈ ಮನುಷ್ಯ ಅದಾಗಲೇ ಎರಡು ಸಲ ಬೇರೆಯವರ ಬೆಲೆಯ ಭಾಗವಾಗಿ ಕೈ ಬದಲಾಯಿಸಿದವನು. 2017ರಲ್ಲಿ ಶಿಕಾಗೋ ತನ್ನ ಮೊದಲ ಸ್ಕೋರರ್, ಅಂದರೆ ಎಲ್ಲರಿಗಿಂತ ಹೆಚ್ಚು ಪಾಯಿಂಟ್ ಹೊಡೆಯುವ, ಜಿಮ್ಮಿ ಬಟ್ಲರ್‌ನನ್ನು ಮಿನೆಸೋಟಾಕ್ಕೆ ಕೊಟ್ಟಾಗ ಬಂದ ಪಿಕ್ಕೇ ಇವನು. 2022ರಲ್ಲಿ ಮಿಚೆಲ್‌ಗೆ ಬದಲಾಗಿ ಮತ್ತೆ ಇವನು. ಮೂರನೇ ಸಲ ತಾನೇ ಮಾರಾಟದ ಮಾಲಾಗುವುದನ್ನು ಆ ಸೀಸನ್ ಮುಗಿಯುವವರೆಗಾದರೂ ಮುಂದೆ ತಳ್ಳಿದ.

ಊಟಕ್ಕೆ ಕೂತಾಗ ಇದೇ ಮಾತು ಹಜಾರಕ್ಕೆ ಬಂತು. ನಮ್ಮಪ್ಪ ನೆಹರು ಗಂಜ್‌ನಲ್ಲಿ ಮೂವತ್ತು ಚಿಲ್ಲರೆ ವರ್ಷ ತೊಗರಿ ವ್ಯಾಪಾರ ಮಾಡಿದವರು. ಸುಗ್ಗಿಯ ಆವಕ ಜೋರಿದ್ದ ದಿನಗಳವು, ಅವರ ತಲೆಯಲ್ಲಿ ಧಾರಣೆ ಬಿಟ್ಟು ಬೇರೇನೂ ಇರಲಿಲ್ಲ. ಪುಂಡಿಪಲ್ಯಕ್ಕೆ ಎಣ್ಣೆ ಹಾಕಿಕೊಳ್ಳುತ್ತಾ, "ರೇಟ್ ಬಂದಾಗ ಕೊಟ್ಟು ಕೈ ತೊಳ್ಕೋಬೇಕು. ಇಟ್ಕೊಂಡು ಕುಂತ್ರ ಹುಳ ಬೀಳ್ತದ" ಅಂದರು. ಮೊಮ್ಮಗ ಕುಣಿದಾಡಿಬಿಟ್ಟ. "ಮುತ್ಯಾಗ ತಿಳೀತದ, ನಿನಗ ತಿಳ್ಯಾಂಗಿಲ್ಲ ನೋಡತ್ಯಾ!"

ನಾನು ಒಪ್ಪಲಿಲ್ಲ. ಗೋದಾಮಿನಲ್ಲಿ ಒಂದು ತೊಗರಿ ಚೀಲ ತೆಗೆದರೆ ಪಕ್ಕದ ಚೀಲಕ್ಕೆ ಏನೂ ಆಗುವುದಿಲ್ಲ. ತಂಡದಲ್ಲಿ ಒಬ್ಬ ಸ್ಕೋರರ್ ಹೋದರೆ ಉಳಿದ ನಾಲ್ವರೂ ಬೇರೆ ಆಟಗಾರರಾಗುತ್ತಾರೆ. ಇದನ್ನು ಹೇಳಿದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಹುಡುಗ ಒಕ್ಲಹೋಮಾ ತಂಡದ ಉದಾಹರಣೆ ತೆಗೆದ. 2019ರಲ್ಲಿ ಅವರು ಪಂದ್ಯಕ್ಕೆ 28 ಪಾಯಿಂಟ್ ಹೊಡೆಯುತ್ತಿದ್ದ ಪಾಲ್ ಜಾರ್ಜ್‌ನನ್ನು ಕ್ಲಿಪ್ಪರ್ಸ್‌ಗೆ ಕೊಟ್ಟು, ಮೊದಲ ಸುತ್ತಿನ ಐದು ಪಿಕ್‌ಗಳ ಜತೆ ಶೈ ಗಿಲ್ಜಸ್-ಅಲೆಕ್ಸಾಂಡರ್ ಎಂಬ ಇಪ್ಪತ್ತರ ಹುಡುಗನನ್ನು ತಂದರು. ಅದರಲ್ಲೊಂದು ಪಿಕ್ ಮುಂದೆ ಜೇಲನ್ ವಿಲಿಯಮ್ಸ್ ಆಯಿತು.

"ಖರೇ. ಆಮ್ಯಾಲ ಎರಡು ವರ್ಷ ಮಣ್ಣು ಮುಕ್ಕಿದ್ರು. ಒಂದು ವರ್ಷ 72ರಾಗ 22 ಗೆಲುವು, ಮರು ವರ್ಷ 82ರಾಗ 24. ಆಗ ಶೈನೇ ಮೊದಲ ಸ್ಕೋರರ್. ಅವನ್ನ ಮಾರಿದ್ರೇನು?"

ಅವನು ತುಸು ಹೊತ್ತು ಸುಮ್ಮನಿದ್ದು, "ಮಾರಲಿಲ್ಲ ಖರೇ, ಒಂದು ವರ್ಷ ಅರ್ಧಕ್ಕ ಕೂಡ್ಸಿದ್ರಲ್ಲ" ಅಂದ. ಅಂಗಾಲಿನ ಗಾಯ ಅದು, ಆ ವರ್ಷ ಶೈ ಆಡಿದ್ದು 35 ಪಂದ್ಯ. ಆದರೂ ಹುಡುಗ ಬಿಡುವ ಪೈಕಿ ಅಲ್ಲ. ನಾನೂ ಅಲ್ಲ. ಒಬ್ಬ ಸ್ಕೋರರ್‌ನನ್ನು ಮಾರಿದ್ದರಿಂದಲೇ ಆ ತಂಡ ಕಟ್ಟಲ್ಪಟ್ಟಿತು ಎಂದು ಅವನ ವಾದ, ಇನ್ನೊಬ್ಬನನ್ನು ಮಾರದೆ ಇಟ್ಟುಕೊಂಡದ್ದರಿಂದ ಎಂದು ನನ್ನದು. ಪಾಲ್ ಜಾರ್ಜ್‌ಗೆ ಆಗ 29, ಶೈಗೆ 20. ವಯಸ್ಸು ನೋಡದೆ "ಮೊದಲ ಸ್ಕೋರರ್" ಅಂತ ಒಂದೇ ಹೆಸರಿಟ್ಟು ಮಾತಾಡಿದರೆ ಜಗಳ ಮುಗಿಯುವುದಿಲ್ಲ.

ಸಂಜೆ ಅವನ ಕಾಲೇಜಿನ ಗ್ರೌಂಡಿನಲ್ಲಿ ಒಂದು ಸ್ನೇಹದ ಪಂದ್ಯವಿತ್ತು. ನನ್ನನ್ನೂ ಗಾಡಿ ಮೇಲೆ ಕೂಡಿಸಿಕೊಂಡು ಹೋದ. ಎದುರಿಗೆ ಊರಿನ ಹಳೇ ಆಟಗಾರರು. ಬ್ಯಾಂಕಿನವರು, ಒಬ್ಬ ವಕೀಲರು, ಇಬ್ಬರು ಪೊಲೀಸರು. ಎಲ್ಲರಿಗೂ ಹೊಟ್ಟೆ ಬಂದಿದೆ, ಆದರೆ ಎಲ್ಲಿ ನಿಲ್ಲಬೇಕೆಂದು ಗೊತ್ತು. ಕಾಲೇಜು ತಂಡದ ಮೊದಲ ಸ್ಕೋರರ್ ಆಳಂದ ಕಡೆಯ ಹುಡುಗ, ಕೊನೆಯ ವರ್ಷದವನು. ಸರ್ ಅವನನ್ನು ಬೆಂಚಿನ ಮೇಲೆ ಕೂರಿಸಿ ಮೂವರು ಫಸ್ಟ್ ಇಯರ್ ಹುಡುಗರನ್ನು ಇಳಿಸಿದರು. "ಜೂನ್ ಬಂದ್ರ ಇಂವ ಇರಾಂಗಿಲ್ಲ. ಹೊಸಬರು ಕಲೀಲಿ" ಎಂದು ನನಗೇ ಹೇಳಿದರು. ಬೆಳಗಿನಿಂದ ನಮ್ಮ ಹುಡುಗ ಹೇಳುತ್ತಿದ್ದುದೂ ಇದನ್ನೇ. ಆದರೆ ಅಂಗಳಕ್ಕಿಳಿದ ಮೇಲೆ ಅವನ ಮುಖ ನೋಡಬೇಕಿತ್ತು!

ಕಲಿತರೇ? ಮೊದಲರ್ಧದಲ್ಲಿ ನಾನು ಕಂಡದ್ದಿಷ್ಟು. ಶಹಾಬಾದಿನಿಂದ ಬರುವ ಒಬ್ಬ ಸಣ್ಣ ಹುಡುಗ ಚೆಂಡು ಬಡಿಯುತ್ತಾ ನಡುಗೆರೆ ದಾಟಿ ಬರುತ್ತಾನೆ. ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ. ಎಲ್ಲ ಕಡೆ ಒಬ್ಬೊಬ್ಬ ಹಿರಿಯ ಅಂಟಿಕೊಂಡಿದ್ದಾನೆ, ಯಾರೂ ಜಾಗ ಬಿಟ್ಟು ಸರಿಯುವುದಿಲ್ಲ, ಸರಿಯುವಂತೆ ಹೆದರಿಸುವವನು ಬೆಂಚಿನ ಮೇಲಿದ್ದಾನೆ. ಹುಡುಗ ಚೆಂಡನ್ನು ಎರಡೂ ಕೈಲಿ ಹಿಡಿದುಬಿಡುತ್ತಾನೆ. ಹಿಡಿದ ಮೇಲೆ ಮತ್ತೆ ಬಡಿಯುವಂತಿಲ್ಲ. ಗಾಬರಿಯಾಗಿ ಎಸೆಯುತ್ತಾನೆ, ಅದು ವಕೀಲರ ಕೈಗೆ. ಇದೇ, ಮತ್ತೆ ಮತ್ತೆ. ಅವನು ಕಲಿತದ್ದು ಚೆಂಡು ತನ್ನ ಹತ್ತಿರ ಬರದಂತೆ ಎಲ್ಲಿ ನಿಲ್ಲಬೇಕು ಎಂಬುದನ್ನು.

ಎರಡನೇ ಅರ್ಧಕ್ಕೆ ಆಳಂದದವನು ಇಳಿದ. ರಿಂಗಿನ ಎಡಕ್ಕೆ ಬೆನ್ನು ಕೊಟ್ಟು ನಿಂತು ಚೆಂಡು ಕೇಳಿದ. ಬಂದ ತಕ್ಷಣ ಇಬ್ಬರು ಅವನ ಮೇಲೆ ಬಿದ್ದರು. ಶಹಾಬಾದಿನವನ ಎದುರಿಗೆ ಈಗ ಯಾರೂ ಇಲ್ಲ, ಮೂಲೆಯಲ್ಲಿ ಒಬ್ಬನೇ. ಚೆಂಡು ಅವನ ಕೈಗೆ ಬಂತು. ಮೊದಲನೆಯದು ಬೋರ್ಡಿನ ಅಂಚಿಗೆ ತಾಗಿ ಹೊರಗೆ ಹೋಯಿತು. ಮುಂದಿನ ಸಲ ಅವನು ಅವಸರ ಮಾಡಲಿಲ್ಲ, ಎರಡೂ ಕಾಲು ಊರಿ, ಮೊಣಕಾಲು ಬಗ್ಗಿಸಿ ಬಿಟ್ಟ. ಬಲೆ ಯಾವಾಗಲೋ ಹರಿದುಹೋಗಿದ್ದ ರಿಂಗದು. ಚೆಂಡು ಒಳಗಿಂದ ಹೋಯಿತೋ ಪಕ್ಕದಿಂದ ಹೋಯಿತೋ ಎಂದು ವಕೀಲರು ವಾದಕ್ಕೆ ನಿಂತರು. ಐದು ನಿಮಿಷ ಅದೇ ನಡೆಯಿತು. ಕೊನೆಗೆ ಪೊಲೀಸರೇ ಹೋಗಿದೆ ಎಂದು ತೀರ್ಪು ಕೊಟ್ಟರು.

ಆದರೆ ಕಥೆ ಅಲ್ಲಿಗೆ ನಿಂತಿದ್ದರೆ ನಾನು ಊಟದ ಹೊತ್ತಿನ ವಾದ ಗೆದ್ದೆ ಎಂದು ಮನೆಗೆ ಬರುತ್ತಿದ್ದೆ. ಕೊನೆಯ ಕ್ವಾರ್ಟರ್‌ನಲ್ಲಿ ಅಂತರ ಕಡಿಮೆಯಾದಾಗ ಚೆಂಡು ಆಳಂದದವನ ಕೈ ಬಿಟ್ಟು ಅಲ್ಲಾಡಲಿಲ್ಲ. ಶಹಾಬಾದಿನವನು ಅದೇ ಮೂಲೆಯಲ್ಲಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಾ ನಿಂತ. ನಮ್ಮ ಹುಡುಗನೂ ನಿಂತ. ಗೆಲ್ಲಬೇಕು ಅನ್ನಿಸಿದ ಗಳಿಗೆಗೆ ಎಲ್ಲರೂ ಪ್ರೇಕ್ಷಕರು. ಮಾರಿ ಎನ್ನುವವರ ಮಾತಿನಲ್ಲೂ ಸತ್ಯವಿದೆ ಎಂದು ಒಪ್ಪಬೇಕಾದದ್ದು ಇಲ್ಲಿ. ಸೋಲುವ ತಂಡದಲ್ಲೂ ಯಾರೋ ಒಬ್ಬ ಇಪ್ಪತ್ತು ಪಾಯಿಂಟ್ ಹೊಡೆದೇ ಹೊಡೆಯುತ್ತಾನೆ. ಅವನು ಆ ಪಾಯಿಂಟ್‌ಗಳಿಂದ ಇತರರಿಗೆ ಜಾಗ ಮಾಡಿಕೊಡುತ್ತಾನೋ, ಇತರರ ಜಾಗವನ್ನೇ ತಿನ್ನುತ್ತಾನೋ ಎಂಬುದು ಅಂಕಿಯಲ್ಲಿ ಕಾಣುವುದಿಲ್ಲ. ಮಾರ್ಕನನ್ ಚೆಂಡನ್ನು ಹೆಚ್ಚು ಹೊತ್ತು ಕೈಯಲ್ಲಿಟ್ಟುಕೊಳ್ಳುವವನಲ್ಲ, ಓಡಿ ಬಂದು ಹಿಡಿದು ಹೊಡೆಯುವವನು. ಹಾಗಾಗಿ ಅವನಂಥವನನ್ನು ಹುಡುಗರ ನಡುವೆ ಇಟ್ಟುಕೊಳ್ಳುವುದಕ್ಕೆ ಅರ್ಥವಿದೆ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಇಟ್ಟುಕೊಂಡರೆ ಆಡಿಸಬೇಕು, ಅಷ್ಟೆ.

ಜಾಝ್ ಮಾಡಿದ್ದು ಮೂರನೆಯದು. ಮಾರಲಿಲ್ಲ, ಪೂರ್ತಿ ಆಡಿಸಲೂ ಇಲ್ಲ. ಆ ಸೀಸನ್‌ನಲ್ಲಿ ಮಾರ್ಕನನ್ ಆಡಿದ್ದು 47 ಪಂದ್ಯ, ಸರಾಸರಿ 19ಕ್ಕೆ ಇಳಿಯಿತು. ಆಡುವ ಸ್ಥಿತಿಯಲ್ಲಿದ್ದವನನ್ನು ಕೂರಿಸಿದ್ದಕ್ಕೆ ಮಾರ್ಚ್‌ನಲ್ಲಿ ಲೀಗ್ ತಂಡಕ್ಕೆ ಒಂದು ಲಕ್ಷ ಡಾಲರ್ ದಂಡ ಹಾಕಿತು. 17 ಗೆಲುವು, 65 ಸೋಲು, ಲೀಗ್‌ನಲ್ಲೇ ಕೊನೆ. ಇಷ್ಟೆಲ್ಲ ಲಾಟರಿಗಾಗಿ.

ಲಾಟರಿ ಎತ್ತಿದ್ದು ಅಲ್ಲಿ ಮೇ 12ರ ರಾತ್ರಿ, ನಮಗೆ 13ರ ನಸುಕು. ಹುಡುಗ ಎದ್ದು ಕೂತಿದ್ದ. ಅತ್ಯಂತ ಕೆಳಗಿನ ತಂಡ ಐದನೇ ಪಿಕ್‌ಗಿಂತ ಕೆಳಗೆ ಜಾರುವಂತಿರಲಿಲ್ಲ. ಜಾಝ್ ಜಾರಬಹುದಾದಷ್ಟೂ ಜಾರಿ ಐದಕ್ಕೇ ಬಂತು. ಮೊದಲನೇ ಪಿಕ್ ಹೋದದ್ದು 1.8 ಪ್ರತಿಶತ ಅವಕಾಶವಿದ್ದ ಡಲ್ಲಾಸ್‌ಗೆ. ಲೂಕಾನನ್ನು ಮಾರಿದ ಅದೇ ಡಲ್ಲಾಸ್! ಆ ವರ್ಷದ ಹೊಸ ಹುಡುಗರಲ್ಲಿ ಎಲ್ಲರ ಕಣ್ಣಿದ್ದ ಕೂಪರ್ ಫ್ಲಾಗ್ ಡಲ್ಲಾಸ್ ಪಾಲಾದ. ಇವನು ಫೋನನ್ನು ಹಾಸಿಗೆಯ ಮೇಲೆ ಎಸೆದು, "ಕೂಡ್ಸಿ ಕೂಡ್ಸಿ ಐದನೇದು ತಗೊಂಡ್ರು ನೋಡತ್ಯಾ" ಅಂದ. ಜೂನ್‌ನಲ್ಲಿ ಒಕ್ಲಹೋಮಾ ಚಾಂಪಿಯನ್ ಆಯಿತು, ಫೈನಲ್‌ನ ಶ್ರೇಷ್ಠ ಆಟಗಾರ ಶೈ. ಆ ದಿನ ಇಬ್ಬರೂ ನಾವೇ ಸರಿ ಎಂದೆವು.

ಈಗಲೂ ಈ ವ್ಯಾಜ್ಯ ಮನೆಯಲ್ಲಿ ಜಾರಿಯಲ್ಲಿದೆ. ಮಾರ್ಕನನ್‌ನ ಕರಾರು ಐದು ವರ್ಷಕ್ಕೆ ಸುಮಾರು 23.8 ಕೋಟಿ ಡಾಲರ್. ರೂಪಾಯಿಯಲ್ಲಿ ಎಷ್ಟಾಗುತ್ತದೆ ಎಂದು ಅಪ್ಪ ಕೇಳಿದರು. ಎರಡು ಸಾವಿರ ಕೋಟಿ ಎಂದು ಹುಡುಗ ಲೆಕ್ಕ ಹಾಕಿ ಹೇಳಿದಾಗ ಅವರು ಚಹಾದ ಬಸಿ ಕೆಳಗಿಟ್ಟು, "ಕೊಳ್ಳಾಂವ ಯಾರು ಹಂಗಾರ?" ಅಂದರು. ಈ ಸಲ ಗಂಜ್‌ನ ಬುದ್ಧಿ ಸರಿಯಾದ ಜಾಗಕ್ಕೇ ತಾಗಿತು. ಆಟಗಾರ ದುಬಾರಿಯಾದಷ್ಟೂ ಗಿರಾಕಿ ಕಡಿಮೆ, ಬಂದವನೂ ಚೌಕಾಶಿ ಮಾಡುವವನೇ. ವಯಸ್ಸಾಗುತ್ತಿರುವ ತಾರೆಗಳಿರುವ ಯಾವುದಾದರೂ ತಂಡ ಮೊದಲ ಸುತ್ತಿನ ಎರಡು ಪಿಕ್ ಷರತ್ತಿಲ್ಲದೆ ಕೊಟ್ಟರೆ ನಾನಾದರೆ ಕೊಟ್ಟುಬಿಡುತ್ತೇನೆ, ಇಲ್ಲವಾದರೆ ಮೈಯಲ್ಲಿ ಶಕ್ತಿ ಇರುವ ಪ್ರತಿ ಪಂದ್ಯ ಅವನನ್ನು ಆಡಿಸುತ್ತೇನೆ. ಹುಡುಗ ಒಪ್ಪುವುದಿಲ್ಲ. ಅವನಿಗೆ ಮೂರು ಪಿಕ್ ಬೇಕಂತೆ.