ಗಿಡದ ಬ್ಯಾರಲ್‌ಗೆ ಬೇವಿನ ಬೀಜ

ಧಾರವಾಡದ ನಮ್ಮ ಓಣಿಗೆ ನಳದ ನೀರು ಬರುವುದು ಐದಾರು ದಿನಕ್ಕೊಮ್ಮೆ. ಹೀಗಾಗಿ ಕೊಡ, ಬಕೆಟ್, ಬ್ಯಾರಲ್ ಎಲ್ಲ ತುಂಬಿ ಇಡುತ್ತೇವೆ. ಡೆಂಗಿ ಹರಡುವ ಈಡಿಸ್ ಗುಂಗಾಡಕ್ಕೆ, ಅಂದರೆ ಸೊಳ್ಳೆಗೆ, ಬೇಕಾದದ್ದೂ ಇಂಥ ನಿಂತ ತಿಳಿನೀರೇ.

ಕಳೆದ ಮಳೆಗಾಲದಲ್ಲಿ ಮಗಳಿಗೆ ಡೆಂಗಿ ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಹಿತ್ತಲಿಗೆ ಹೋಗಿ, ಗಿಡಕ್ಕೆಂದು ತುಂಬಿಟ್ಟ ಬ್ಯಾರಲ್‌ಗೆ ಟಾರ್ಚ್ ಬಿಟ್ಟೆ. ತಲೆ ಕೆಳಗೆ, ಬಾಲ ಮೇಲೆ ಮಾಡಿ ನೇತಾಡುತ್ತಿದ್ದ ಗುಂಗಾಡದ ಮರಿಹುಳಗಳು ಬೆಳಕು ಬಿದ್ದ ಕೂಡಲೇ ಕೊಂಕುತ್ತ ತಳಕ್ಕೆ ಇಳಿದವು. ಹೊಟ್ಟೆ ಉರಿಯಿತು. ಆದರೆ ಕಾದು ಹಿಡಿದ ಅಷ್ಟೂ ನೀರನ್ನು ಗಟಾರಕ್ಕೆ ಚೆಲ್ಲಲು ಮನಸ್ಸು ಬರುವುದಿಲ್ಲ, ಅಲ್ವಾ?

ರೈತರು ಬೆಳೆಗೆ ಹೊಡೆಯುವ ಬೇವಿನ ಬೀಜದ ಕಷಾಯ ನೆನಪಾಯಿತು. ಲೀಟರ್ ನೀರಿಗೆ 50 ಗ್ರಾಂ ತಿರುಳು ಕುಟ್ಟಿ ಹಾಕಿ, ರಾತ್ರಿಯಿಡೀ ನೆನೆಸಿ, ಬಟ್ಟೆಯಲ್ಲಿ ಸೋಸಿದೆ. ಬ್ಯಾರಲ್‌ಗೆ ಹಾಕುವ ಮೊದಲು ಎರಡು ಗಾಜಿನ ಬಾಟಲಿಯಲ್ಲಿ ಹತ್ತತ್ತು ಹುಳ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ, ಒಂದಕ್ಕೆ ಮಾತ್ರ ಕಷಾಯ ಹಾಕಿದೆ. ಮರುದಿನ ಏನೂ ಆಗಿರಲಿಲ್ಲ, ಸುಮ್ನೆ ಕುಟ್ಟಿದೆ ಅನಿಸಿತು. ಐದನೇ ದಿನಕ್ಕೆ ಬರೀ ನೀರಿನ ಬಾಟಲಿಯಲ್ಲಿ ಗುಂಗಾಡಗಳು ಬಟ್ಟೆಗೆ ಅಂಟಿ ಕೂತಿದ್ದವು. ಬೇವಿನ ಬಾಟಲಿಯಲ್ಲಿ ಹುಳಗಳು ಸತ್ತು ತಳ ಸೇರಿದ್ದವು, ಎರಡು ಅರ್ಧ ಪೊರೆ ಬಿಟ್ಟು ಅಲ್ಲೇ ಸಿಕ್ಕಿಹಾಕಿಕೊಂಡಿದ್ದವು. ಬೇವಿನಲ್ಲಿರುವ ಅಜಾಡಿರಾಕ್ಟಿನ್ ಹುಳದ ಪೊರೆ ಬಿಡುವ ಹಾರ್ಮೋನನ್ನೇ ಕೆಡಿಸುತ್ತದೆ. ಅದಕ್ಕೇ ನಿಧಾನ.

ಬಿಸಿಲಿಗೆ ಅದರ ಶಕ್ತಿ ಬೇಗ ಇಳಿಯುತ್ತದೆ. ಹಾಗಾಗಿ ಬ್ಯಾರಲ್ ನೆರಳಲ್ಲಿ ಇಟ್ಟಿದ್ದೇನೆ, ವಾರಕ್ಕೊಮ್ಮೆ ಹೊಸ ಕಷಾಯ ಹಾಕುತ್ತೇನೆ. ಬರೀ ಬೇವಿನೆಣ್ಣೆ ಸುರಿದರೆ ನೀರಿಗೆ ಬೆರೆಯದೆ ಮೇಲೇ ತೇಲುತ್ತದೆ, ಸ್ವಲ್ಪ ಸೋಪಿನ ನೀರಲ್ಲಿ ಕದಡಿಯೇ ಹಾಕಬೇಕು. ಸೀತಾಫಲದ ಬೀಜಕ್ಕೂ ಹುಳ ಸಾಯುತ್ತವೆ, ಆದರೆ ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿಗೇ ಅಪಾಯ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ.

ಕುಡಿಯುವ, ಅಡುಗೆಯ ನೀರಿಗೆ ಮಾತ್ರ ಯಾವ ಕಷಾಯವನ್ನೂ ಹಾಕಬೇಡಿ. ಅಲ್ಲಿ ಮುಚ್ಚಳ, ಬಟ್ಟೆ, ಕೈಯಲ್ಲಿ ಬ್ರಷ್. ಈಡಿಸ್ ಮೊಟ್ಟೆ ಇಡುವುದು ನೀರಿನ ಅಂಚಿಗೆ, ಪಾತ್ರೆಯ ಗೋಡೆಗೆ. ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಬದುಕಿರುತ್ತದೆ, ನೀರು ಮುಟ್ಟಿದಾಗ ಒಡೆಯುತ್ತದೆ. ಹಾಗಾಗಿ ಖಾಲಿ ಮಾಡಿದರೆ ಸಾಲದು, ಗಸಗಸ ಉಜ್ಜಬೇಕು. ನಮ್ಮಲ್ಲಿ ಈಗ ನಳ ಬರುವ ದಿನ ಬೆಳಗ್ಗೆ ಮೊದಲ ಕೆಲಸ ಅದೇ, ಬ್ರಷ್ ಹಿಡಿಯುವವಳು ಮಗಳು.