ಚರಂಡಿಯಲ್ಲಿ ಸಿಕ್ಕ ಬೆಟ್ಟ

ಜುಲೈಯಲ್ಲಿ ಕುದುರೆಮುಖದ ಗಣಿ ನೋಡಲು ಬರ್ತೀನಿ ಅಂದಾಗ ಮಾವ ಫೋನಿನಲ್ಲೇ ನಕ್ಕರು. "ನೋಡ್ಲಿಕ್ಕಾ? ಆ ಮಳೆಯಲ್ಲಿ ನಿನ್ನ ಕೈ ನಿಂಗೆ ಕಂಡ್ರೆ ಅದೇ ದೊಡ್ಡದು ಮಾರಾಯ್ತಿ." ಆದರೂ ಬೆಳಿಗ್ಗೆ ಕಳಸದ ಬಸ್ ಸ್ಟ್ಯಾಂಡಿನಲ್ಲಿ ಎರಡು ದೊಡ್ಡ ಕೊಡೆ ಹಿಡಿದು ಕಾಯುತ್ತಿದ್ದರು. ನಾನು ತಂದಿದ್ದ ಮಡಚುವ ಕೊಡೆಯನ್ನು ಒಮ್ಮೆ ನೋಡಿ, ಏನೂ ಹೇಳದೆ ನನ್ನ ಚೀಲದೊಳಗೆ ತುರುಕಿದರು.

ಮಾವ ಇಪ್ಪತ್ತು ವರ್ಷಕ್ಕೂ ಜಾಸ್ತಿ ಅಲ್ಲಿನ ಪ್ಲಾಂಟಿನಲ್ಲಿ ದುಡಿದವರು. ಅದಿರನ್ನು ಅರೆದು ಕಬ್ಬಿಣದ ಭಾಗ ಬೇರೆ ಮಾಡುವ ಕೆಲಸ. ನಾನು ಚಿಕ್ಕವಳಿದ್ದಾಗ ರಜೆಗೆ ಹೋಗುತ್ತಿದ್ದದ್ದು ಅವರ ಕ್ವಾರ್ಟರ್ಸಿಗೇ. ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದ ಕೆಂಪು ಗುಡ್ಡ ಮಾತ್ರ ನೆನಪಿತ್ತು. ಅದು ಈಗ ಹೇಗಿದೆ ಅಂತ ನೋಡುವ ಆಸೆ.

ಬಸ್ ಇಳಿದಾಗ ಎದುರಿಗೆ ಹಾಲಿನಂಥ ಮಂಜು. ಟೌನ್‌ಶಿಪ್ಪಿನ ಮನೆಗಳೇ ಸರಿಯಾಗಿ ಕಾಣುತ್ತಿರಲಿಲ್ಲ, ಇನ್ನು ಗುಡ್ಡ ಎಲ್ಲಿಂದ ಬರಬೇಕು? ಮಾವ ಬೆರಳು ಮಾಡಿ "ಅಗೋ, ಅಲ್ಲಿ ಗಣಿ" ಅಂದರು. ಬಿಳಿ. "ಈ ಕಡೆ ಲಕ್ಯಾ ಡ್ಯಾಮ್." ಅದೂ ಬಿಳಿ. ಅಷ್ಟು ದೂರದಿಂದ ಬಂದವಳಿಗೆ ಅಳು ಬರುವುದೊಂದು ಬಾಕಿ. ಅರ್ಧ ಗಂಟೆಯಲ್ಲಿ ಕಾಲಿಗೆ ಮೂರು ಉಂಬಳ ಬೇರೆ.

ಹೋಗಲಿ ಬಿಡು ಅನ್ನುವ ಹಾಗೆ ಮಾವ ಜೇಬಿನಿಂದ ಏನೋ ತೆಗೆದರು. ಹಳೇ ಸ್ಪೀಕರಿನಿಂದ ಕಿತ್ತ ದುಂಡನೆಯ ಅಯಸ್ಕಾಂತ. ಅದನ್ನು ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ರಸ್ತೆ ಪಕ್ಕದ ಚರಂಡಿಯಲ್ಲಿ ನೀರು ತಿರುಗುವ ಮೂಲೆಗೆ ಇಳಿಸಿದರು. ಅಲ್ಲಿ ಕಪ್ಪು ಮರಳು ಗೆರೆ ಗೆರೆಯಾಗಿ ಕೂತಿತ್ತು. ಮೇಲೆತ್ತಿದರೆ ಕವರಿನ ಮೈತುಂಬ ಕಪ್ಪು ಕೂದಲು! ಕಾಳುಗಳು ಒಂದರ ತಲೆ ಮೇಲೊಂದು ನಿಂತು ಮುಳ್ಳುಹಂದಿಯ ಹಾಗೆ ನಿಗುರಿಕೊಂಡಿದ್ದವು. ಮಾವ ಕವರಿನ ಒಳಗಿಂದ ಅಯಸ್ಕಾಂತವನ್ನು ಎಳೆದುಕೊಂಡರು ನೋಡಿ, ಅಷ್ಟೂ ಕೂದಲು ಬುಳಕ್ಕನೆ ನನ್ನ ಅಂಗೈಗೆ ಬಿತ್ತು. ಚಿಟಿಕೆಯಷ್ಟೇ ಇದ್ದರೂ ಅದರ ತೂಕ ಕೈಗೆ ಗೊತ್ತಾಗುತ್ತಿತ್ತು.

"ನಮ್ಮ ಪ್ಲಾಂಟ್ ಅಂದ್ರೆ ಇಷ್ಟೇ" ಅಂದರು. ಡ್ರಮ್ಮಿನ ಒಳಗೆ ಅಯಸ್ಕಾಂತ ಕದಲದೆ ಕೂತಿರುತ್ತದಂತೆ. ಹೊರಗಿನ ಸಿಪ್ಪೆ ಮಾತ್ರ ತಿರುಗುತ್ತದೆ. ಅರೆದ ಅದಿರು ನೀರಿನ ಜೊತೆ ಬಂದಾಗ ಕಬ್ಬಿಣದ ಕಾಳು ಸಿಪ್ಪೆಗೆ ಅಂಟಿಕೊಂಡು ಸುತ್ತುತ್ತದೆ. ಅಯಸ್ಕಾಂತ ಇಲ್ಲದ ಜಾಗ ಬಂದ ಕೂಡಲೇ ಉದುರುತ್ತದೆ. "ಸಿಪ್ಪೆ ಇಲ್ಲದಿದ್ರೆ ಅಂಟಿದ್ದು ಬಿಡೋದೇ ಇಲ್ಲ. ಅದಕ್ಕೇ ಕವರ್."

ಅಂಗೈಯ ನೀರು ಬಸಿದ ಮೇಲೆ ಚರಂಡಿಯಲ್ಲಿ ಉಳಿದಿದ್ದನ್ನೂ ಸ್ವಲ್ಪ ಎತ್ತಿ ನೋಡಿದೆ. ಬಿಳಿ ಮರಳಿನ ನಡುವೆ ಕೆಂಪು, ಕಂದು ಕಾಳುಗಳೂ ಇದ್ದವು. ಎಷ್ಟು ಆಡಿಸಿದರೂ ಅವು ಅಯಸ್ಕಾಂತದ ಹತ್ತಿರ ಸುಳಿಯಲಿಲ್ಲ. ಕಬ್ಬಿಣ ಅಲ್ವಾ ಅಂದೆ. "ಕಬ್ಬಿಣವೇ. ಮಳೆ ತಿಂದದ್ದು."

ಆ ಒಂದು ಮಾತಿನ ಮೇಲೆ ನನ್ನ ದಿನ ಉಳಿಯಿತು. ಈ ಬೆಟ್ಟದ ಮೂಲ ಕಲ್ಲು 250 ಕೋಟಿ ವರ್ಷಕ್ಕೂ ಹಿಂದೆ ಸಮುದ್ರದ ತಳದಲ್ಲಿ ಕೂತದ್ದು. ನೀರಿನಲ್ಲಿ ಕರಗಿದ್ದ ಕಬ್ಬಿಣ ಒಂದು ಪದರ, ಬೆಣಚು ಒಂದು ಪದರ, ಹೀಗೆ ಕೂತು ಕೂತು ಆಮೇಲೆ ಒತ್ತಡಕ್ಕೆ ಬೆಂದು ಗಟ್ಟಿಯಾಯಿತು. ಆ ಕಪ್ಪು ಪದರವೇ ಮ್ಯಾಗ್ನೆಟೈಟ್, ಅಯಸ್ಕಾಂತಕ್ಕೆ ಓಡಿ ಬರುವ ಅದಿರು. ಅಂಥ ಕಲ್ಲು ಸುತ್ತಿಗೆಗೂ ಸುಲಭಕ್ಕೆ ಬಗ್ಗುವುದಿಲ್ಲ. ಆದರೆ ಇಲ್ಲಿ ವರ್ಷಕ್ಕೆ 6,000, 7,000 ಮಿ.ಮೀ. ಮಳೆ. ಬೆಂಗಳೂರಿಗೆ ಆರೇಳು ವರ್ಷಕ್ಕೆ ಬೀಳುವಷ್ಟು ಇಲ್ಲಿ ಒಂದೇ ವರ್ಷಕ್ಕೆ. ಲಕ್ಷಾಂತರ ವರ್ಷ ಆ ನೀರು ಇಳಿದು ಇಳಿದು ಮೇಲಿನ ಕಲ್ಲು ಸಡಿಲವಾಯಿತು. ಬೆಣಚು ಸ್ವಲ್ಪ ಕರಗಿತು. ಮ್ಯಾಗ್ನೆಟೈಟಿನ ಒಂದಷ್ಟು ಭಾಗ ತುಕ್ಕು ಹಿಡಿದು ಹೆಮಟೈಟ್ ಆಯಿತು, ಎಳೆಯುವ ಗುಣ ಕಳೆದುಕೊಂಡಿತು. ಈ ಕೆಂಪು ಕಾಳನ್ನು ಬಿಡಬಾರದು ಅಂತಲೇ ಪ್ಲಾಂಟಿನಲ್ಲಿ ಡ್ರಮ್ಮುಗಳ ಜೊತೆಗೆ ಸ್ಪೈರಲ್‌ಗಳೂ ಇದ್ದದ್ದು. ಜಾರುಬಂಡೆಯಂಥ ಆ ಸುರುಳಿಯಲ್ಲಿ ನೀರಿನ ಜೊತೆ ಇಳಿಯುವಾಗ ಭಾರದ ಕಾಳು ಒಳಅಂಚಿಗೆ, ಹಗುರ ಮರಳು ಹೊರಅಂಚಿಗೆ ಹೋಗುತ್ತದೆ.

ಮೆತ್ತಗಾದ ಈ ಮೇಲಿನ ಪದರವನ್ನೇ ಕಂಪನಿ ಅಗೆದದ್ದು. ಕೆಳಗಿನ ಗಟ್ಟಿ ಕಲ್ಲು ಈಗಲೂ ಹಾಗೇ ಇದೆ. ಅದಿರು ಮುಗಿದು ಗಣಿ ಮುಚ್ಚಿತು ಅಂತ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಬೀಗ ಹಾಕಿದ ಮನೆಯೊಂದರ ಜಗಲಿಯಲ್ಲಿ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ಸಾಲಿನಲ್ಲಿ ಹೆಚ್ಚಿನವು ಅಂಥವೇ ಮನೆಗಳು, ಗೋಡೆ ತುಂಬ ಹಾವಸೆ. ಮಾವ ಕಥೆ ಶುರು ಮಾಡಿದರು. ಮೈಸೂರು ಸಂಸ್ಥಾನದ ಭೂವಿಜ್ಞಾನಿ ಪಿ. ಸಂಪತ್ ಅಯ್ಯಂಗಾರ್ 1913ರಲ್ಲೇ ಈ ಅದಿರನ್ನು ಗುರುತಿಸಿದ್ದರು. ಆಮೇಲೆ ಅರವತ್ತು ವರ್ಷ ದೊಡ್ಡದಾಗಿ ಯಾರೂ ಕೈ ಹಾಕಲಿಲ್ಲ. ಬಳ್ಳಾರಿಯಲ್ಲಿ ನೂರಕ್ಕೆ ಅರವತ್ತಕ್ಕೂ ಜಾಸ್ತಿ ಕಬ್ಬಿಣ ಸಿಗುವಾಗ 38ರ ಅದಿರು ಯಾರಿಗೆ ಬೇಕು? ಬೇಕು ಅಂದದ್ದು ಇರಾನಿನ ಷಾ. 1975ರಲ್ಲಿ ಒಪ್ಪಂದವಾಯಿತು. 63 ಕೋಟಿ ಡಾಲರ್ ಸಾಲ ಅವರು ಕೊಡುವುದು, ಅದಿರಿನಲ್ಲಿ ನಾವು ತೀರಿಸುವುದು. 1976ರಲ್ಲಿ ಕಂಪನಿ ಹುಟ್ಟಿತು. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಷಾ ದೇಶ ಬಿಟ್ಟ. ಹಣ ನಡುವಿನಲ್ಲೇ ನಿಂತಿತು. ಉಳಿದದ್ದನ್ನು ನಮ್ಮ ಸರ್ಕಾರವೇ ಹಾಕಿ 1980ಕ್ಕೆ ಪ್ಲಾಂಟ್ ಮುಗಿಸಿತು. "ನಾನು ಸೇರುವಾಗ ಪ್ಲಾಂಟ್ ರೆಡಿ, ಅದಿರೂ ರೆಡಿ. ತಗೊಳ್ಳುವ ಗಿರಾಕಿಯೇ ನಾಪತ್ತೆ" ಅಂದರು ಮಾವ. ಮದುವೆಮನೆಯಲ್ಲಿ ಊಟ ಬಡಿಸಿದ ಮೇಲೆ ದಿಬ್ಬಣ ಬರಲಿಲ್ಲ ಅನ್ನುವ ಧಾಟಿಯಲ್ಲಿ.

ಮೂರು ಟನ್ ಅಗೆದರೆ ಮಾರುವುದಕ್ಕೆ ಸಿಗುವುದು ಒಂದು ಟನ್, ಅದರಲ್ಲಿ ಕಬ್ಬಿಣ 67 ಭಾಗ. ಅದನ್ನು ನೀರಿನಲ್ಲಿ ಕಲಸಿ 67 ಕಿ.ಮೀ. ಪೈಪಿನಲ್ಲಿ ಘಟ್ಟ ಇಳಿಸಿ ಮಂಗಳೂರಿನ ಪಣಂಬೂರಿಗೆ ಕಳಿಸುತ್ತಿದ್ದರು. ಎರಡೂ ಕಡೆ 67 ಬಂದದ್ದರಿಂದ ಮಾವನಿಗೆ ಈ ಲೆಕ್ಕ ಮರೆತೇ ಇಲ್ಲ. 1987ರಲ್ಲಿ ಮಂಗಳೂರಿನಲ್ಲಿ ಅದನ್ನು ಉಂಡೆ ಕಟ್ಟುವ ಪೆಲೆಟ್ ಪ್ಲಾಂಟ್ ಬಂತು. ಉಳಿದ ಎರಡು ಟನ್ನಿನ ಹೂಳು ಲಕ್ಯಾ ಹೊಳೆಗೆ ಅಡ್ಡ ಕಟ್ಟಿದ, ಸುಮಾರು 100 ಮೀಟರ್ ಎತ್ತರದ ಮಣ್ಣಿನ ಅಣೆಕಟ್ಟಿನ ಹಿಂದೆ ಹೋಗಿ ಕೂತಿತು. ಈಗಲೂ ಅಲ್ಲೇ ಇದೆ, ಆ ಮಂಜಿನ ಹಿಂದೆ.

"ಹೊಳೆ ಕೆಂಪಾಗ್ತಿತ್ತಾ ಮಾವ?" ಕೇಳಲೋ ಬೇಡವೋ ಅಂತಲೇ ಕೇಳಿದೆ.

ಸ್ವಲ್ಪ ಹೊತ್ತು ಕಾಫಿಯನ್ನೇ ನೋಡಿದರು. "ಆಗ್ತಿತ್ತು. ಬೋಳು ಗುಡ್ಡದ ಮೇಲೆ ಈ ಮಳೆ ಬಿದ್ರೆ ಮತ್ತೇನಾಗ್ತದೆ?"

ಹೂಳು ಭದ್ರೆಗೆ ಇಳಿಯುತ್ತದೆ ಅನ್ನುವುದೇ ಗಣಿ ವಿರೋಧಿಸಿದವರ ದೊಡ್ಡ ದೂರಾಗಿತ್ತು. ಸುತ್ತಲಿನ ಕಾಡು 1987ರಲ್ಲೇ ರಾಷ್ಟ್ರೀಯ ಉದ್ಯಾನವಾಗಿತ್ತು, 30 ವರ್ಷದ ಗುತ್ತಿಗೆ 1999ಕ್ಕೆ ಮುಗಿದಿತ್ತು. 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. 2005ರ ಡಿಸೆಂಬರ್ 31 ಕೊನೆಯ ದಿನ. ಕಲ್ಲನ್ನು ಅಗೆಯುವಷ್ಟು ಮೆತ್ತಗೆ ಮಾಡಿದ್ದೂ ಮಳೆ, ಅಗೆಯುವುದನ್ನು ನಿಲ್ಲಿಸಿದ್ದೂ ಹೆಚ್ಚುಕಮ್ಮಿ ಅದೇ ಮಳೆ. ಗಣಿ ನಿಂತದ್ದು ಸರಿ ಅಂತಲೇ ನನ್ನ ಅಭಿಪ್ರಾಯ. ಮಾವನ ಎದುರು ಅದನ್ನು ಹೇಳಲಿಲ್ಲ. ಅವರಿಗೆ ಗೊತ್ತಿಲ್ಲ ಅಂತಲ್ಲ.

ಹೊರಡುವ ಮುಂಚೆ ಜಲ್ಲಿ ರಾಶಿಯಲ್ಲಿ ಅಂಗೈಯಗಲದ ಕಲ್ಲೊಂದು ಸಿಕ್ಕಿತು. ಕಪ್ಪು, ಬಿಳಿ, ಕಪ್ಪು, ಬಿಳಿ. ಒಂದೊಂದು ಪಟ್ಟೆ ಬೆಂಕಿಕಡ್ಡಿಯಷ್ಟು ದಪ್ಪ. ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ, ಮಾವ ತಡೆದರು. "ಉದ್ಯಾನದಿಂದ ಏನೂ ತಗೊಂಡು ಹೋಗ್ಬಾರ್ದು. ಇಟ್ಬಿಡು ಪುಟ್ಟಿ." ಈ ಗುಡ್ಡವನ್ನೇ ಲಾಟುಗಟ್ಟಲೆ ಕಳಿಸಿದ ಮನುಷ್ಯ! ಇಬ್ಬರಿಗೂ ನಗು ಬಂತು. ಇಟ್ಟೆ. ನೆನಪಿಗೆ ಇರಲಿ ಅಂತ ಅಯಸ್ಕಾಂತವನ್ನೇ ನನ್ನ ಕೈಗೆ ಕೊಟ್ಟರು.

ಮನೆಗೆ ಬಂದು ಚೀಲ ಖಾಲಿ ಮಾಡುವಾಗ ನೋಡಿದರೆ, ಬಸ್ಸಿನ ಗಡಿಬಿಡಿಯಲ್ಲಿ ಕವರು ಜಾರಿ, ಅದರ ಮಡಿಕೆಯಲ್ಲಿ ಉಳಿದಿದ್ದ ಕಪ್ಪು ಕಾಳೆಲ್ಲ ಬರಿಯ ಅಯಸ್ಕಾಂತಕ್ಕೇ ಮೆತ್ತಿಕೊಂಡಿತ್ತು. ಒರೆಸಿದೆ, ತೊಳೆದೆ, ಹಳೇ ಬ್ರಷ್ ಹಾಕಿ ಉಜ್ಜಿದೆ. ಈ ಬದಿಯಿಂದ ಆ ಬದಿಗೆ ಹೋಗುತ್ತದೆ ಅಷ್ಟೇ. ಫೋನ್ ಮಾಡಿದರೆ ಮಾವನಿಗೆ ಖುಷಿಯೋ ಖುಷಿ.

"ಸಿಪ್ಪೆ ಇಲ್ಲದಿದ್ರೆ ಬಿಡೋದಿಲ್ಲ ಅಂತ ಹೇಳಿರ್ಲಿಲ್ವಾ?"